ಮೂರೂವರೆಯ ಹಸಿವು

ನಿಮ್ಮ ಹೊಟ್ಟೆಯಿಂದ ಸಾಸಿವೆ ಕಾಳಿನಷ್ಟು ಚೂರು ತೆಗೆದು, ಅದರಿಂದ ಗಾಜಿನ ಡಬ್ಬಿಯೊಳಗೆ ಇನ್ನೊಂದು ಪುಟ್ಟ ಹೊಟ್ಟೆ ಬೆಳೆಸುತ್ತೇವೆ. ನೀವು ಇನ್ನು ಹತ್ತು ವರ್ಷ ಉಣ್ಣುವುದನ್ನೆಲ್ಲ ಅದಕ್ಕೆ ನೂರೇ ದಿನದಲ್ಲಿ ಉಣಿಸಿ, ಅದರಲ್ಲಿ ಕ್ಯಾನ್ಸರ್ ಹುಟ್ಟುತ್ತದೋ ಇಲ್ಲವೋ ನೋಡಿ ಹೇಳುತ್ತೇವೆ. ಹೀಗೆಂದು ಯಾರಾದರೂ ಮನೆ ಬಾಗಿಲಿಗೆ ಬಂದರೆ ಒಪ್ಪುತ್ತೀರಾ? ಗದಗಿನ ನಾನೂರು ಮಂದಿ ಒಪ್ಪಿದರು. ಆ ನಾನೂರು ಹೊಟ್ಟೆಗಳಿಗೆ ದಿನಾ ಉಣಿಸುವ ಕೆಲಸ ನನ್ನದಾಗಿತ್ತು.

ನನ್ನ ಹೆಸರು ಫಕ್ಕೀರಪ್ಪ ಗಾಣಿಗೇರ. ಮುಳಗುಂದ ರಸ್ತೆಯಲ್ಲಿ, ಗಾಳಿಯಂತ್ರಗಳ ಸಾಲು ಶುರುವಾಗುವ ಕಡೆ ಇರುವ ಸಂಶೋಧನಾ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲೂ ಹೇಳುತ್ತಾರೆ, ಲ್ಯಾಬಿನಲ್ಲೂ ಹೇಳುತ್ತಾರೆ. ಹೇಳಲಿ. ಈ ಕಥೆಯಲ್ಲಿ ತಪ್ಪು ಮಾಡಿದವನು ನಾನೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಕೊನೆಯವರೆಗೆ ಓದಿ ಅದನ್ನು ಕಂಡುಹಿಡಿದು ನನಗೆ ಹೇಳುವುದು ಬೇಡ.

ಕಾಗದಪತ್ರಗಳಲ್ಲಿ ಅದರ ಹೆಸರು ಪ್ರತಿಜಠರ. ನಾವು ಕರೆಯುತ್ತಿದ್ದದ್ದು ಮರಿಹೊಟ್ಟೆ ಅಂತ. ಗಜ್ಜುಗದ ಗಾತ್ರ, ಮಾಸಲು ಗುಲಾಬಿ ಬಣ್ಣ, ಮೇಲೊಂದು ಪುಟ್ಟ ಬಾಯಿ. ಮನುಷ್ಯನ ಹೊಟ್ಟೆಯ ಗೋಡೆಯಲ್ಲಿ ನರಗಳದ್ದೇ ಒಂದು ಬಲೆ ಇರುತ್ತದೆ. ತಲೆಯನ್ನು ಕೇಳದೆ ಅರ್ಧ ಕೆಲಸವನ್ನು ಅದೇ ಮಾಡಿ ಮುಗಿಸುತ್ತದೆ. ನಮ್ಮ ಡಾಕ್ಟರ್ ತಬಸ್ಸುಮ್ ನದಾಫ ಮೇಡಂ ಆ ನರಗಳನ್ನೂ ಬೆಳೆಸಿದ್ದರು. ಹಾಗಾಗಿ ಮರಿಹೊಟ್ಟೆಗೆ ಹಸಿವೆಯೂ ಆಗುತ್ತಿತ್ತು. ಹೊತ್ತಿಗೆ ಸರಿಯಾಗಿ ಅದು ಹಿಂಡಿಕೊಳ್ಳುತ್ತಿತ್ತು, ಬಾಯಿ ಬಿಚ್ಚುತ್ತಿತ್ತು, ಆಗ ನುಣ್ಣಗೆ ಅರೆದ ಆಹಾರ ಕೂದಲಿನಂಥ ನಳಿಗೆಯಿಂದ ಒಳಗೆ ಹೋಗುತ್ತಿತ್ತು. ಡಬ್ಬಿಯ ದ್ರವದಲ್ಲಿ ಇರುವ ಒಂದು ಔಷಧ ಹತ್ತು ದಿನಕ್ಕೆ ಅದರ ವಯಸ್ಸನ್ನು ಒಂದು ವರ್ಷ ಮುಂದಕ್ಕೆ ತಳ್ಳುತ್ತಿತ್ತು. ಗಂಟು ಕಾಣಿಸಿಕೊಂಡರೆ ಕೆಂಪು ದೀಪ. ನೂರನೇ ದಿನದವರೆಗೆ ಏನೂ ಕಾಣದಿದ್ದರೆ ಹಸಿರು ದೀಪ, ಮತ್ತು ಚೂರು ಕೊಟ್ಟವರಿಗೆ ಹಸಿರು ಪಟ್ಟಿಯ ಒಂದು ಪ್ರಮಾಣಪತ್ರ. ಕೆಂಪು ಬಂದವರದ್ದಾದರೆ ಯಾವ ಔಷಧ ಕೆಲಸ ಮಾಡುತ್ತದೆಂದು ಮರಿಹೊಟ್ಟೆಯ ಮೇಲೇ ಮೊದಲು ಹಾಕಿ ನೋಡಬಹುದಿತ್ತು.

ಸಿಬ್ಬಂದಿಯ ಮನೆಯವರೂ ಸೇರಬೇಕೆಂದು ಮೇಡಂ ಕೇಳಿದಾಗ ನಾನು ನನ್ನ ಹೆಂಡತಿ ನೀಲವ್ವನ ಹೆಸರು ಕೊಟ್ಟೆ. ಅವಳನ್ನು ಕೇಳಿ ಕೊಟ್ಟೆನೇ ಎಂದರೆ, ಕೊಟ್ಟ ಮೇಲೆ ಕೇಳಿದೆ. ಗಂಟಲಲ್ಲಿ ನಳಿಗೆ ಇಳಿಸುತ್ತಾರೆ ಅಂದಾಗ ಅವಳ ಮುಖ ಇಳಿಯಿತು. ಆದರೂ ಬಂದಳು, ಹಾಸಿಗೆಯ ಮೇಲೆ ಮಲಗಿ ಕಣ್ಣು ಮುಚ್ಚಿಕೊಂಡು ಚೂರು ಕೊಟ್ಟು, ಬಸ್ಸು ಹಿಡಿದು ಮನೆಗೆ ಹೋಗಿ ಸಂಜೆಯ ಅಡಿಗೆ ಮಾಡಿದಳು.

ಉಳಿದದ್ದು ಊಟದ ಹಾಳೆ. ಮರಿಹೊಟ್ಟೆಗೆ ಏನು ಉಣಿಸಬೇಕೆಂದು ತಿಳಿಯುವುದೇ ಆ ಹಾಳೆಯಿಂದ. ನಲವತ್ತು ಪ್ರಶ್ನೆ: ಬೆಳಿಗ್ಗೆ ಏನು, ಮಧ್ಯಾಹ್ನ ಏನು, ಎಷ್ಟು ಹೊತ್ತಿಗೆ, ಉಪ್ಪು ಎಷ್ಟು, ಚಹಾ ಎಷ್ಟು ಬಿಸಿ. ಒಂದು ರವಿವಾರ ಬೆಳಿಗ್ಗೆ ನಾನು ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

“ನೀಲಾ, ಮಧ್ಯಾಹ್ನ ನೀ ಏನ ಉಣ್ತಿ?”

“ನೀವು ಏನ ಉಣ್ತೀರೋ ಅದನ್ನ. ನಾ ಏನ ಬ್ಯಾರೆ ಅಡಗಿ ಮಾಡ್ಕೊಂಡ ಉಣ್ತೀನೇನ?”

“ಎಷ್ಟೊತ್ತಿಗೆ?”

“ಎಲ್ಲಾರದೂ ಆದ ಮ್ಯಾಲೆ.”

“ಹಾಳಿ ಮ್ಯಾಲೆ ಹಂಗ ಬರಿಯಾಕ ಬರಂಗಿಲ್ಲ, ಟೈಮ್ ಹೇಳು.”

“ನಿಮಗ ತಿಳದಂಗ ಬರಕೊರಿ, ನನ್ನ ರೊಟ್ಟಿ ಹೊತ್ತಾಕತ್ತೈತಿ.”

ಒಂದು ಗಂಟೆ ಎಂದು ಬರೆದೆ. ಬಿಸಿ ರೊಟ್ಟಿ ಎರಡು, ಬದನೆಕಾಯಿ ಎಣ್ಣೆಗಾಯಿ, ಬ್ಯಾಳಿ, ಮೊಸರು, ಮೇಲೆ ಒಂದು ಚಮಚ ತುಪ್ಪ. ನನ್ನ ತಾಟು ಹೇಗಿರುತ್ತದೋ ಹಾಗೆ. ಬರೆದು ಮುಗಿಸಿ, ಎಷ್ಟು ಚೆನ್ನಾಗಿ ಉಣ್ಣುತ್ತಾಳಲ್ಲ ನನ್ನ ಹೆಂಡತಿ ಎಂದು ನನ್ನಷ್ಟಕ್ಕೆ ನಾನೇ ಮೆಚ್ಚಿಕೊಂಡೆ.

ಅವಳ ಮರಿಹೊಟ್ಟೆಯ ಸಂಖ್ಯೆ ಇನ್ನೂರ ಹನ್ನೆರಡು. ಎಡಗಡೆಯ ಕಪಾಟುಗಳಲ್ಲಿ ಗಂಡಸರದ್ದು ಇನ್ನೂರಾ ಹತ್ತು, ಬಲಗಡೆ ಹೆಂಗಸರದ್ದು ನೂರಾ ತೊಂಬತ್ತು. ಮಧ್ಯಾಹ್ನ ಒಂದು ಗಂಟೆಗೆ ಮೊದಲ ಸಲ ಉಣಿಸುವ ದಿನ ಮೇಡಂ, ನಾನು, ಎಲ್ಲರೂ ನಿಂತು ನೋಡಿದೆವು. ಎಡಗಡೆಯ ಡಬ್ಬಿಗಳಲ್ಲಿ ಒಂದೊಂದಾಗಿ ಬಾಯಿ ಬಿಚ್ಚಿದವು. ನನ್ನದೂ ಅಲ್ಲೇ ಇತ್ತು, ಎಲ್ಲರಿಗಿಂತ ಮೊದಲು ಬಿಚ್ಚಿತು, ಎಲ್ಲರೂ ನಕ್ಕರು. ಬಲಗಡೆಯ ನೂರಾ ತೊಂಬತ್ತರಲ್ಲಿ ಒಂದೂ ಅಲುಗಾಡಲಿಲ್ಲ. ಐದು ನಿಮಿಷ ಕಾದೆವು. ಬಾಯಿ ಬಿಚ್ಚದಿದ್ದರೆ ಪಂಪು ಒತ್ತಿ ಒಳಗೆ ತುರುಕುವ ವ್ಯವಸ್ಥೆ ಇತ್ತು. ಪಂಪು ಒತ್ತಿತು, ಊಟ ಒಳಗೆ ಹೋಯಿತು.

ಮೂರು ಗಂಟೆಯ ಸುಮಾರಿಗೆ ನಾನೊಬ್ಬನೇ ಇದ್ದಾಗ ಬಲಗಡೆಯಿಂದ ಸದ್ದು ಬಂತು. ಪ್ರತಿ ಡಬ್ಬಿಗೂ ಒಂದು ಸಣ್ಣ ಮೈಕು ಇಟ್ಟಿದ್ದೆವು, ಚಲನೆ ದಾಖಲಾಗಲಿ ಎಂದು. ಆ ಮೈಕುಗಳಿಂದ ಗುರ್ ಗುರ್ ಎಂದು, ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಇಡೀ ಸಾಲು. ನಿಮ್ಮ ಹೊಟ್ಟೆ ಹಸಿದಾಗ ಬರುತ್ತದಲ್ಲ, ಅದೇ ಸದ್ದು, ನೂರಾ ತೊಂಬತ್ತು ಸಲ. ನೋಡಿದರೆ ಎಲ್ಲವೂ ಹಿಂಡಿಕೊಂಡು, ಬಾಯಿ ಬಿಚ್ಚಿ, ಏನೂ ಸಿಗದೆ ಮತ್ತೆ ಮುಚ್ಚಿ, ಮತ್ತೆ ಬಿಚ್ಚುತ್ತಿವೆ. ಇನ್ನೂರ ಹನ್ನೆರಡು ಶುರು ಮಾಡಿದ್ದು ಸರಿಯಾಗಿ ಮೂರೂವರೆಗೆ. ಎರಡೂವರೆ ತಾಸಿನ ಹಿಂದಷ್ಟೇ ತುಪ್ಪ ಹಾಕಿ ಉಣಿಸಿದ್ದೇನೆ, ಇವಕ್ಕೆ ಯಾರು ಉಪವಾಸ ಹಾಕಿದರು?

ಮರುದಿನವೂ ಹಾಗೆ, ಅದರ ಮರುದಿನವೂ ಹಾಗೆ. ನಾನು ಏನು ಮಾಡಿದೆ ಗೊತ್ತೇನು? ಪುಣೆಯ ಎಂಜಿನಿಯರನಿಗೆ ಫೋನು ಹಚ್ಚಿ ಬೈದೆ. ಬಲಗಡೆಯ ಕಪಾಟಿನ ಗಡಿಯಾರ ಕೆಟ್ಟಿದೆ, ನಿಮ್ಮ ಕಂಪನಿಗೆ ಒಂದು ಕಪಾಟನ್ನೂ ನೆಟ್ಟಗೆ ಮಾಡಲು ಬರುವುದಿಲ್ಲವೇನು ಅಂದೆ. ಪಾಪ, ಅವನು ಬಂದು ಎರಡು ದಿನ ಬಿಚ್ಚಿ ನೋಡಿದ. ಏನೂ ಕೆಟ್ಟಿರಲಿಲ್ಲ. ಆದರೂ ನನ್ನ ಬಾಯಿಗೆ ಹೆದರಿ ಪರದೆಯ ಮೇಲೆ ಒಂದು ಗುಂಡಿ ಮಾಡಿಕೊಟ್ಟ: ‘ತಿದ್ದುಪಡಿ’. ಅದನ್ನು ಒತ್ತಿದರೆ ಹಾಳೆಯಲ್ಲಿ ಬರೆದ ಹೊತ್ತಿಗೆ ಹೊಂದದ ಚಲನೆಯನ್ನೆಲ್ಲ ಯಂತ್ರ ಅಳಿಸಿಬಿಡುತ್ತಿತ್ತು. ಮೇಡಂ ಆಗ ದೆಹಲಿಯ ಸಭೆಯಲ್ಲಿದ್ದರು. ನಾನು ಒತ್ತಿದೆ. ಮೈಕುಗಳ ಸದ್ದನ್ನೂ ಕಡಿಮೆ ಮಾಡಿದೆ.

ನೂರನೇ ದಿನ ಗಂಡಸರಲ್ಲಿ ಹದಿನೇಳು ಕೆಂಪು, ಹೆಂಗಸರಲ್ಲಿ ನೂರಾ ತೊಂಬತ್ತೂ ಹಸಿರು. ಹೆಣ್ಣುಮಕ್ಕಳ ಹೊಟ್ಟೆ ಗಟ್ಟಿ ಎಂದು ನಾವು ನಮ್ಮೊಳಗೇ ಚೇಷ್ಟೆ ಮಾಡಿಕೊಂಡೆವು. ನೀಲವ್ವನ ಪ್ರಮಾಣಪತ್ರವನ್ನು ನಾನೇ ತಂದು, ಪೇಢೆ ಹಂಚಿ, ನಮ್ಮ ಅವ್ವನ ಕೈಯಲ್ಲಿ ಕೊಟ್ಟೆ. ಅವ್ವ ಅದನ್ನು ದೇವರ ಮುಂದೆ ಇಟ್ಟಳು.

“ಇನ್ನ ಹತ್ತ ವರ್ಷ ನಿನಗ ಏನೂ ಆಗಂಗಿಲ್ಲ, ಬರದ ಕೊಟ್ಟಾರ,” ಅಂದೆ ನೀಲವ್ವನಿಗೆ.

“ಹಂಗಾರ ಈ ಎದಿ ಉರಿ ಏನೂ ಅಲ್ಲ ಅಂದಂಗಾತು,” ಅಂದಳು.

“ಯಾವ ಎದಿ ಉರಿ?”

“ಏನಿಲ್ಲ ಬಿಡ್ರಿ. ವರ್ಷ ಆತು, ಬರತೈತಿ, ಹೋಗತೈತಿ.”

ಹಸಿರು ಬಂದಿದೆಯಲ್ಲ, ಪಿತ್ತ ಇರಬೇಕು ಎಂದು ನಾನು ಪೇಢೆಯ ಎರಡನೇ ಡಬ್ಬಿ ಬಿಚ್ಚಿದೆ. ಆ ಮಾತು ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮರಿಹೊಟ್ಟೆಗಳ ಸ್ವಿಚ್ ಆರಿಸಿ ಡಬ್ಬಿ ಖಾಲಿ ಮಾಡಲು ಇನ್ನೂ ಕೆಲವು ದಿನ ಇತ್ತು. ಅಷ್ಟರಲ್ಲಿ ಒಂದು ಗುರುವಾರ ಲ್ಯಾಬಿನ ಸ್ವಚ್ಛತೆಗೆಂದು ಮಧ್ಯಾಹ್ನವೇ ರಜೆ ಕೊಟ್ಟರು. ಸಿಬ್ಬಂದಿಯ ಬಸ್ಸಿನಲ್ಲಿ ಮನೆಗೆ ಬಂದಾಗ ಮೂರೂವರೆ ಆಗಿತ್ತು. ಅವ್ವ ಪಡಸಾಲೆಯಲ್ಲಿ ಮಲಗಿದ್ದಳು. ಟಾಯರ್ ಅಂಗಡಿ ಇಟ್ಟಿರುವ ನನ್ನ ತಮ್ಮ ಉಂಡು ವಾಪಸು ಹೋಗಿದ್ದ. ಮಗಳು ವಿಜಯಾ ಕಾಲೇಜಿನಿಂದ ಬಂದು ಉಂಡು ಓದುತ್ತಿದ್ದಳು. ನಾನು ಚಪ್ಪಲಿ ಬಿಟ್ಟು ನೀರು ಕುಡಿಯಲು ಅಡಿಗೆಮನೆಯ ಕಡೆ ಹೋದೆ.

ನೀಲವ್ವ ನೆಲದ ಮೇಲೆ, ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದಳು.

ಮದುವೆಯಾಗಿ ಇಪ್ಪತ್ತಾರು ವರ್ಷ ಆಗಿತ್ತು. ಮದುವೆ ಮುಂಜಿಯ ಪಂಗತಿ ಬಿಟ್ಟರೆ ಅವಳು ಉಣ್ಣುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ ಎಂಬುದು ಬಾಗಿಲಲ್ಲಿ ನಿಂತಾಗ ನನಗೆ ಹೊಳೆಯಿತು. ವಾರದ ದಿನ ನನ್ನ ಊಟ ಬುತ್ತಿಯಲ್ಲಿ. ರವಿವಾರ ಉಂಡು ಮಲಗುತ್ತಿದ್ದೆ. ರಾತ್ರಿ ಕೈ ತೊಳೆದು ಟಿವಿಯ ಮುಂದೆ ಹೋಗುತ್ತಿದ್ದೆ. ಬೇಕೆಂದು ನೋಡದೆ ಇದ್ದದ್ದಲ್ಲ, ನೋಡುವಂಥದ್ದು ಏನಾದರೂ ಇದೆ ಎಂದೇ ಅನ್ನಿಸಿರಲಿಲ್ಲ.

ಅವಳ ಮುಂದೆ ತಾಟು ಇರಲಿಲ್ಲ. ಅನ್ನದ ಪಾತ್ರೆಯೇ ಇತ್ತು, ತಳಕ್ಕೆ ಹೊತ್ತಿ ಕಪ್ಪಾದ ಅನ್ನವನ್ನು ಕೆರೆದು ತಿನ್ನುತ್ತಿದ್ದಳು. ಪಕ್ಕದಲ್ಲಿ ನಿನ್ನೆಯದೋ ಮೊನ್ನೆಯದೋ ತಂಗಳ ರೊಟ್ಟಿ, ಅದನ್ನು ಕುದಿಯುವ ಚಹಾದಲ್ಲಿ ಅದ್ದಿ, ಆರುವುದಕ್ಕೂ ಬಿಡದೆ ನುಂಗುತ್ತಿದ್ದಳು. ಪಲ್ಯ ಮುಗಿದುಹೋಗಿತ್ತು. ಅದರ ಬದಲಿಗೆ ಕಳೆದ ವರ್ಷದ ಬರಣಿಯ ಕೆಂಪುಖಾರ, ಉಪ್ಪೇ ಮುಕ್ಕಾಲು ಪಾಲು. ಜೊತೆಗೆ ಕಪ್ಪನೆಯ ಒಂದು ಚಟ್ನಿಪುಡಿ. ಆ ಚಟ್ನಿಪುಡಿಯನ್ನು ನಾನು ನನ್ನ ತಾಟಿನಲ್ಲಿ ಎಂದೂ ಕಂಡಿರಲಿಲ್ಲ.

“ಅದ್ಯಾವ ಚಟ್ನಿ?” ಅಂದೆ.

ಬೆಚ್ಚಿಬಿದ್ದಳು. ಸೆರಗನ್ನು ಪಾತ್ರೆಯ ಮೇಲೆ ಎಳೆದುಕೊಂಡಳು, ಕಳವು ಮಾಡುವಾಗ ಸಿಕ್ಕವರ ಹಾಗೆ. “ಅಯ್ಯ, ಇಷ್ಟ ಲಗೂನ ಯಾಕ ಬಂದ್ರಿ? ಚಹಾ ಇಡ್ಲೇನ?”

“ಕೇಳಿದ್ದ ಹೇಳು.”

“ಶೇಂಗಾದ್ದರಿ. ಆರಿಸಿದಾಗ ಬೂಸ್ಟ ಹಿಡದದ್ದು, ಮುರುಟಿದ್ದು ಉಳೀತಾವಲ್ಲ. ನಿಮಗ ಹಾಕಾಕ ಬರಂಗಿಲ್ಲ, ಚೆಲ್ಲಾಕ ಮನಸ್ಸ ಬರಂಗಿಲ್ಲ. ನನಗಷ್ಟ ಕುಟ್ಟಿಕೊಂತೀನಿ.”

“ದಿನಾ ಇದನ್ನ ಉಣ್ತಿ?”

“ದಿನಾ ಎಲ್ಲಿ? ಪಲ್ಯ ಉಳದ್ರ ಪಲ್ಯ ಉಣ್ತೀನಿ.”

“ಯಾವಾಗ ಉಳದಿತ್ತು?”

ಅವಳು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು. ಆಮೇಲೆ ನಕ್ಕು, “ಪಂಚಮಿಗೆ ಉಳದಿತ್ತು ನೋಡ್ರಿ,” ಅಂದಳು.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳು ಬಂತು. “ನಾ ಹಾಳಿ ತುಂಬೂ ಮುಂದ ಯಾಕ ಹೇಳ್ಲಿಲ್ಲ?” ಅಂದೆ.

“ಹೊತ್ತಿದ ಅನ್ನ ಉಣ್ತೀನಿ ಅಂತ ಸರ್ಕಾರದ ಕಾಗದದ ಮ್ಯಾಲೆ ಯಾರರ ಬರಸ್ತಾರೇನ್ರಿ? ನಾಳೆ ಗಾಣಿಗೇರ ಮನಿಯಾಗ ಸೊಸಿಗೆ ಊಟಕ್ಕ ಹಾಕಂಗಿಲ್ಲ ಅಂದ್ರ ಯಾರಿಗೆ ಹೆಸರು?”

ಮರುದಿನ ಬೆಳಿಗ್ಗೆಯೇ ಮೇಡಂ ಮುಂದೆ ನಿಂತು ಎಲ್ಲ ಹೇಳಿದೆ. ಹಾಳೆ ಹೇಗೆ ತುಂಬಿದೆ ಎಂಬುದು, ಆ ಗುಂಡಿ ಒತ್ತಿದ್ದು, ಮೈಕಿನ ಸದ್ದು ಇಳಿಸಿದ್ದು. ಕೆಲಸದಿಂದ ತೆಗೆಯಿರಿ ಅಂದೆ. ಅವರು ನೂರಾ ತೊಂಬತ್ತು ಹಾಳೆಗಳನ್ನೂ ತರಿಸಿ ಮೇಜಿನ ಮೇಲೆ ಹರಡಿದರು. ಅರ್ಧಕ್ಕರ್ಧ ಹಾಳೆಗಳಲ್ಲಿ ಇದ್ದದ್ದು ಗಂಡಸರ ಅಕ್ಷರ. ಉಳಿದ ಹೆಂಗಸರು ತಾವೇ ಬರೆದಿದ್ದರು, ಉಂಡದ್ದನ್ನಲ್ಲ, ಬಡಿಸಿದ್ದನ್ನು.

“ಇದನ್ನ ನಾ ಓದಿ ಸಹಿ ಮಾಡೀನಿ, ಫಕ್ಕೀರಪ್ಪನವರ,” ಅಂದರು ಮೇಡಂ. “ನಮ್ಮ ಅಮ್ಮ ನಲವತ್ತ ವರ್ಷ ಎಲ್ಲಾರ ಹಿಂದ ಉಂಡಾಕಿ. ನಾ ಡಾಕ್ಟರ್ ಆಗಿ ಏನ ಬಂತು? ಒಂದ ಗಂಟೆ ಅಂತ ನೂರಾ ತೊಂಬತ್ತ ಮಂದಿ ಬರದ್ರ, ಹ್ಯಾಂಗ ಸಾಧ್ಯ ಅಂತ ಕೇಳಬೇಕಾದಾಕಿ ನಾನ ಇದ್ದೆ.”

ಅವತ್ತು ಮೂರೂವರೆಗೆ ನಾವಿಬ್ಬರೂ ಇನ್ನೂರ ಹನ್ನೆರಡರ ಮುಂದೆ ಕೂತೆವು. ಗುರ್ ಎಂದಿತು, ಬಾಯಿ ಬಿಚ್ಚಿತು. ಮೇಡಂ ಮೊದಲು ನಳಿಗೆಯಲ್ಲಿ ತುಪ್ಪ ಹಾಕಿ ಅರೆದ ಬಿಸಿ ರೊಟ್ಟಿ ಬಿಟ್ಟರು. ಹನಿ ತಾಗುವ ಮೊದಲೇ ಬಾಯಿ ಮುಚ್ಚಿಕೊಂಡಿತು. ಮೊಸರು ಬಿಟ್ಟರು, ಮುಚ್ಚಿಯೇ ಇತ್ತು. ಆಮೇಲೆ ನಾನು ಮನೆಯಿಂದ ಡಬ್ಬಿಯಲ್ಲಿ ತಂದಿದ್ದ ಹೊತ್ತಿದ ಅನ್ನ, ಕೆಂಪುಖಾರ, ಕಪ್ಪು ಚಟ್ನಿಯನ್ನು ಅರೆದು ಬಿಟ್ಟೆವು. ಬಾಯಿ ತಟ್ಟನೆ ಬಿಚ್ಚಿ ಎಲ್ಲವನ್ನೂ ತೆಗೆದುಕೊಂಡಿತು. ಅದಕ್ಕೆ ಕಣ್ಣಿಲ್ಲ, ನಾಲಿಗೆಯಿಲ್ಲ, ಸಾಸಿವೆಯಷ್ಟು ಚೂರಿನಿಂದ ಹುಟ್ಟಿದ ಮಾಂಸ. ಆದರೂ ತನ್ನ ಮನೆಯ ಊಟವನ್ನು ಗುರುತು ಹಿಡಿಯಿತು. ಮೇಡಂ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು.

ಆ ಡಬ್ಬಿ ನೂರು ದಿನ ಸುಳ್ಳು ಉಂಡಿತ್ತು. ಅದನ್ನು ತೆಗೆದುಹಾಕಿ, ಶೀತಪೆಟ್ಟಿಗೆಯಲ್ಲಿ ಕಾಪಿಟ್ಟಿದ್ದ ಅವಳ ಚೂರಿನಿಂದ ಹೊಸದನ್ನು ಬೆಳೆಸಿ, ಅದೇ ಸಂಖ್ಯೆ ಹಾಕಿ, ನಿಜವಾದ ಊಟ ಶುರು ಮಾಡಿದೆವು. ಕೇಂದ್ರದವರು ಉಳಿದ ಹೆಂಗಸರ ಮನೆಗಳಿಗೂ ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ ನೋಡಿದರು. ನೋಡುವವರು ಬಂದರೆಂದು ಎಲ್ಲರೂ ತಾಟಿಗೆ ತುಪ್ಪ ಹಾಕಿಕೊಂಡು ಕೂತಿದ್ದರು! ಕಡೆಗೆ ಮರಿಹೊಟ್ಟೆಗಳ ಮುಂದೆಯೇ ಒಂದೊಂದು ಊಟ ಇಟ್ಟು, ಯಾವುದಕ್ಕೆ ಬಾಯಿ ಬಿಚ್ಚುತ್ತವೆಂದು ನೋಡಿ ಹಾಳೆಗಳನ್ನು ಹೊಸದಾಗಿ ತುಂಬಿದೆವು. ಆ ಹಾಳೆಗಳನ್ನು ಓದುವುದು ಕಷ್ಟವಾಗುತ್ತಿತ್ತು. ಅವರ ಚೂರುಗಳಿಂದಲೂ ಹೊಸದನ್ನು ಬೆಳೆಸಿ ಉಣಿಸಿದಾಗ, ಹಸಿರು ಪಡೆದವರಲ್ಲಿ ಹನ್ನೊಂದು ಮಂದಿಗೆ ಕೆಂಪು ಬಂತು, ಹನ್ನೊಂದು ಜನರಿಗೂ ಹೊತ್ತಿಗೆ ಮೊದಲೇ ಔಷಧ ಸಿಕ್ಕಿತು.

ಇನ್ನೂರ ಹನ್ನೆರಡರಲ್ಲಿ ಹನ್ನೆರಡನೇ ದಿನವೇ ಬೂದು ಚುಕ್ಕೆ ಕಾಣಿಸಿತು. ಹನ್ನೆರಡು ದಿನ ಅಂದರೆ ಅದರ ಲೆಕ್ಕದಲ್ಲಿ ಒಂದು ವರ್ಷ, ಎರಡು ತಿಂಗಳು.

“ಚೂರು ತಗದು ಎಷ್ಟ ದಿನ ಆತು?” ಎಂದರು ಮೇಡಂ.

“ಆರು ತಿಂಗಳು.”

“ಎದಿ ಉರಿ ಅದಕ್ಕಿಂತ ಮೊದಲಿನದು. ಮುಂದಿನ ವರ್ಷದ ಮಾತಲ್ಲ ಇದು. ಇವತ್ತ ಕರಕೊಂಡ ಬರ್ರಿ.”

ಕರೆದುಕೊಂಡು ಬಂದೆ. ನಳಿಗೆ ಇಳಿಸಿದರು. ಪರದೆಯ ಮೇಲೆ ಅವಳ ಹೊಟ್ಟೆ ಕಂಡಿತು. ಡಬ್ಬಿಯಲ್ಲಿ ಎಲ್ಲಿ ಚುಕ್ಕೆ ಇತ್ತೋ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಗಂಟು. ಮೊದಲ ಸಲ ಚೂರು ತೆಗೆದಾಗ ಅದು ಪದರದ ಅಡಿಯಲ್ಲಿ ಅಡಗಿತ್ತು. ಎದೆಯೊಳಗೆ ಏನೋ ಕುಸಿದು ಬಿದ್ದಿತು, ಅದು ಈಗಲೂ ಮೇಲೆದ್ದಿಲ್ಲ.

ಔಷಧಗಳನ್ನು ಮರಿಹೊಟ್ಟೆಯ ಮೇಲೆ ಹಾಕಿ ನೋಡಿದೆವು. ನಾಲ್ಕು ಔಷಧಗಳಿಗೆ ಅದು ಬಾಡಿ, ಕಪ್ಪಾಗಿ, ಮತ್ತೆ ಹೇಗೋ ಚೇತರಿಸಿಕೊಂಡಿತು. ಗಂಟು ಹಾಗೇ ಉಳಿಯಿತು. ಐದನೆಯದಕ್ಕೆ ಗಂಟು ಕುಗ್ಗಿತು. ಆ ನಾಲ್ಕನ್ನೂ ಅವಳೇ ನುಂಗಬೇಕಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಮೇಡಂ. ಐದನೆಯದನ್ನು ಮಾತ್ರ ಅವಳಿಗೆ ಕೊಟ್ಟು, ಗಂಟು ಕುಗ್ಗಿದ ಮೇಲೆ ಆಪರೇಷನ್ ಮಾಡಿ ಹೊಟ್ಟೆಯನ್ನೇ ಪೂರ್ತಿ ತೆಗೆದರು. ಅನ್ನನಾಳವನ್ನು ನೇರ ಕರುಳಿಗೆ ಜೋಡಿಸಿದರು. ನೀಲವ್ವ ಬದುಕಿದಳು.

ಅವಳು ಆಸ್ಪತ್ರೆಯಲ್ಲಿದ್ದಾಗ ಮನೆಯಲ್ಲಿ ಮಗಳು ವಿಜಯಾ ಅಡಿಗೆ ಮಾಡುತ್ತಿದ್ದಳು. ಒಂದು ದಿನ ನನಗೆ ಬಡಿಸಿ ಬದಿಗೆ ನಿಂತಳು. ನೀನೂ ಕೂಡು ಅಂದರೆ, “ನೀವು ಉಣ್ರಿ ಅಪ್ಪಾ, ನಾ ಆಮ್ಯಾಲೆ ಉಣ್ತೀನಿ,” ಅಂದಳು. ನಾನು ತಾಟನ್ನು ದೂಡಿ ಕೂಗಾಡಿಬಿಟ್ಟೆ. ಅವಳಿಗೆ ಏನು ತಪ್ಪಾಯಿತೆಂದೇ ತಿಳಿಯದೆ ಅತ್ತಳು. ಆಮೇಲೆ ಇಬ್ಬರೂ ಒಂದೇ ತಾಟಿನಲ್ಲಿ ಉಂಡೆವು, ನಮ್ಮ ಅವ್ವ ಬಾಗಿಲಲ್ಲಿ ನಿಂತು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು.

ನೀಲವ್ವ ಮನೆಗೆ ಬಂದ ಮೇಲೆ ದಿನಕ್ಕೆ ಆರು ಸಲ, ಒಂದೊಂದು ಹಿಡಿ, ಗಡಿಯಾರ ನೋಡಿ ತಿನ್ನಬೇಕಾಯಿತು. ಮನೆಯಲ್ಲಿ ಈಗ ಎಲ್ಲರಿಗಿಂತ ಮೊದಲು ಅವಳೇ ಉಣ್ಣುತ್ತಿದ್ದಳು. ನಾನು ಎದುರಿಗೆ ಕೂತು ನೋಡುತ್ತಿದ್ದೆ. ಅವಳಿಗೆ ಅದು ಬಹಳ ಸಂಕೋಚ.

“ಹಸಿವ್ಯಾದ್ರ ಹೇಳು, ಹೆಚ್ಚಿಗೆ ಹಾಕ್ತೀನಿ,” ಅಂದೆ ಒಮ್ಮೆ.

“ಹಸಿವ್ಯ ಆಗಂಗಿಲ್ಲರಿ,” ಅಂದಳು. “ಹೊಟ್ಟಿ ತಗದಾಗಿಂದ ಒಮ್ಮೆರ ಆಗಿಲ್ಲ. ಹ್ಯಾಂಗ ಆಗ್ತಿತ್ತು ಅನ್ನೂದ ಮರತಂಗ ಆಗೈತಿ.”

ಅವಳ ಹಸಿವೆ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ದಿನಾ ಮೂರೂವರೆಗೆ, ಮುಳಗುಂದ ರಸ್ತೆಯಲ್ಲಿ, ಬಲಗಡೆಯ ಎರಡನೇ ಕಪಾಟಿನಲ್ಲಿ ಅದು ಗುರ್ ಎನ್ನುತ್ತಿತ್ತು.

ಹೊಸ ಮರಿಹೊಟ್ಟೆಯ ನೂರನೇ ದಿನ ಬಂತು. ನಿಯಮದ ಪ್ರಕಾರ ಅವತ್ತು ಸಂಜೆಯೊಳಗೆ ಸ್ವಿಚ್ ಆರಿಸಿ, ಡಬ್ಬಿ ಖಾಲಿ ಮಾಡಬೇಕು. ಹಿಂದಿನ ದಿನ ಮನೆಯಲ್ಲಿ ಹೇಳಿದೆ. ನೀಲವ್ವ ಸೆರಗಿನ ಅಂಚು ತೀಡಿದಳು.

“ನಾನೂ ಬರ್ತೀನಿ,” ಅಂದಳು. “ನನ್ನ ಪಾಲಿನ ವಿಷ ಎಲ್ಲಾ ಅದ ತಿಂತು. ಉಣಿಸಿ ಕಳಸೂಣು. ತಂಗಳದು ಬ್ಯಾಡ, ನಾನ ರೊಟ್ಟಿ ಮಾಡ್ತೀನಿ.”

ವಿಜಯಾ ಬೈಯುತ್ತಿದ್ದರೂ ಕೇಳದೆ, ನಡುನಡುವೆ ಕೂತು ಸುಧಾರಿಸಿಕೊಳ್ಳುತ್ತ ನಾಲ್ಕೇ ರೊಟ್ಟಿ ಬಡಿದಳು. ಎಣ್ಣೆಗಾಯಿ, ಬೆಣ್ಣೆ, ಮೊಸರು ಕಟ್ಟಿಕೊಂಡಳು. ಮೂರರ ಹೊತ್ತಿಗೆ ಅವಳನ್ನು ಲ್ಯಾಬಿಗೆ ಕರೆತಂದು, ಡಬ್ಬಿಯ ಮುಂದೆ ಸ್ಟೂಲಿನ ಮೇಲೆ ಕೂರಿಸಿದೆ. ಮೇಡಂ ಅವಳ ಭುಜ ಮುಟ್ಟಿ ಮಾತಾಡಿಸಿ, ನಮ್ಮಿಬ್ಬರನ್ನೇ ಬಿಟ್ಟು ಹೊರಗೆ ಹೋದರು.

ಅವಳು ಡಬ್ಬಿಯನ್ನು ನೋಡಿದಳು. ಹೆದರಲಿಲ್ಲ. “ಇಷ್ಟ ಐತೇನ?” ಅಂದಳಷ್ಟೆ.

ಮೂರೂವರೆಗೆ ಸದ್ದು ಶುರುವಾಯಿತು. ನಾನು ಬೆಣ್ಣೆ ರೊಟ್ಟಿ ಅರೆದು ನಳಿಗೆಗೆ ತುಂಬಿ ಕಾದೆ. ಮರಿಹೊಟ್ಟೆ ಹಿಂಡಿಕೊಂಡಿತು, ತಿರುಚಿಕೊಂಡಿತು, ಬಾಯಿ ಮಾತ್ರ ಬಿಚ್ಚಲಿಲ್ಲ. ಬೆಣ್ಣೆ ಎಂದು ಹೀಗೆ ಮಾಡುತ್ತಿದೆ ಎಂದುಕೊಂಡು, ಶೀತಪೆಟ್ಟಿಗೆಯಲ್ಲಿದ್ದ ಹಳೆಯ ಹೊತ್ತಿದ ಅನ್ನವನ್ನೇ ತಂದು ಹಿಡಿದೆ. ಅದಕ್ಕೂ ಬಿಚ್ಚಲಿಲ್ಲ. ನೂರು ದಿನದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಹಸಿವೆಯ ಸದ್ದು ಏರುತ್ತ ಏರುತ್ತ ಕಿವಿಯಿಂದ ಕೇಳಲಾರದಂತಾಯಿತು. ನಾನು ಪಂಪಿನ ಗುಂಡಿಗೆ ಕೈ ಹಾಕಿದೆ.

“ತುರುಕಬ್ಯಾಡ್ರಿ,” ಅಂದಳು ನೀಲವ್ವ. ನನ್ನ ಮುಖವನ್ನು ದಿಟ್ಟಿಸಿ ನೋಡಿದಳು. “ನೀವು ಇವತ್ತ ಮಧ್ಯಾಹ್ನ ಉಂಡೀರೇನ?”

“ಇಲ್ಲ. ಮನಸ್ಸ ಬರಲಿಲ್ಲ.”

“ಮತ್ತ ಅದು ಹ್ಯಾಂಗ ಉಂಡೀತು?”

ನಾನು ಗುಂಡಿಯಿಂದ ಕೈ ತೆಗೆದೆ. ದಿನಾ ಒಂದು ಗಂಟೆಗೆ ನಾನು ಬುತ್ತಿ ಬಿಚ್ಚುತ್ತಿದ್ದದ್ದು ಆ ಕಪಾಟಿನ ಎದುರಿನ ಮೇಜಿನ ಮೇಲೆ. ಅದು ಗಡಿಯಾರ ನೋಡಿ ಬಾಯಿ ಬಿಚ್ಚುತ್ತದೆ ಎಂದು ನಾನೂ ಬರೆದಿದ್ದೆ, ಮೇಡಂ ಕೂಡ ಬರೆದಿದ್ದರು. ಕಣ್ಣಿಲ್ಲದ, ಕಿವಿಯಿಲ್ಲದ ಆ ಮಾಂಸದ ಉಂಡೆಗೆ ನಾನು ಉಂಡದ್ದು, ಉಣ್ಣದೆ ಇದ್ದದ್ದು ಹೇಗೆ ತಿಳಿಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ನೀಲವ್ವನಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅವಳು ಆಗಲೇ ಸ್ಟೂಲಿನಿಂದ ಎದ್ದು, ಬುತ್ತಿಯ ಮುಚ್ಚಳದಲ್ಲಿ ನನಗೆ ಬಡಿಸುತ್ತಿದ್ದಳು.

“ನಾ ಹ್ಯಾಂಗ ಉಣ್ಲಿ ನೀಲಾ?”

“ಲಗೂನ ಉಣ್ರಿ. ಅದು ಹಸದೈತಿ.”

ಉಂಡೆ. ನಿಂತು ಬಡಿಸುತ್ತಿದ್ದ ಅವಳ ಮುಂದೆ, ಒದ್ದಾಡುತ್ತಿದ್ದ ಅದರ ಮುಂದೆ ಕೂತು, ಕಣ್ಣೀರು ಸುರಿಸುತ್ತ ಮೂರು ರೊಟ್ಟಿ ಉಂಡೆ. ಉಂಡು ಕೈ ತೊಳೆದು ಬಂದಾಗ ಸದ್ದು ನಿಂತಿತ್ತು. ಮರಿಹೊಟ್ಟೆ ಬಾಯಿ ಬಿಚ್ಚಿಕೊಂಡು ಕಾಯುತ್ತಿತ್ತು. ನಳಿಗೆಯಲ್ಲಿದ್ದ ಬೆಣ್ಣೆ ರೊಟ್ಟಿ ಪಂಪಿಲ್ಲದೆ, ಒತ್ತಾಯವಿಲ್ಲದೆ ತಾನಾಗಿ ಒಳಗೆ ಹೋಗತೊಡಗಿತು.

ಹೊರಗೆ ಮೇಡಂ ಬಾಗಿಲು ತಟ್ಟಿದರು, ಹೊತ್ತಾಯಿತು ಎಂದು. ನಾನು ಸ್ವಿಚ್ಚಿನ ಮೇಲೆ ಕೈ ಇಟ್ಟೆ. ನೀಲವ್ವ ನನ್ನ ಮಣಿಕಟ್ಟು ಹಿಡಿದುಕೊಂಡಳು. ಇಪ್ಪತ್ತಾರು ವರ್ಷದಲ್ಲಿ ಅವಳು ನನ್ನ ಕೈ ಹಿಡಿದು ತಡೆದದ್ದು ಅದೇ ಮೊದಲು.

“ತಡೀರಿ,” ಅಂದಳು. “ಅದು ಇನ್ನಾ ಉಣ್ಣಾಕತ್ತೈತಿ.”